ರೊಟ್ಟಿ ಗಂಟಲಿಳಿದ ಮೇಲೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಎಳ್ಳಮಾವಾಸ್ಯೆ ಈಗಷ್ಟೇ ಮುಗಿದಿರುವುದರಿಂದ ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಹೊಟ್ಟೆಯ ಸುತ್ತಲೇ ಇವೆ. ಉತ್ತರಕ್ಕೆ ತೊಡಗುವ ಮುನ್ನ ಒಂದು ತೊಡಕನ್ನು ಹೇಳಿಬಿಡಬೇಕು. ನಮ್ಮ ಆಡುಮಾತಿನಲ್ಲಿ ಎದೆಗೂಡಿನ ಕೆಳಗಿರುವುದೆಲ್ಲ ‘ಹೊಟ್ಟೆ’ಯೇ ಆಗಿದೆ, ಹಸಿವು, ಉರಿ, ಉಬ್ಬರ, ನುಲಿತ ಎಲ್ಲದಕ್ಕೂ ಅದೊಂದೇ ವಿಳಾಸ. ರೋಗಿ ಬಂದು ‘ಹೊಟ್ಟಿ ಸರಿ ಇಲ್ರಿ’ ಎಂದಾಗ ನಾನು ಮೊದಲು ಕೇಳುವುದು ‘ಬೆರಳಿಟ್ಟು ತೋರಿಸ್ರಿ’ ಎಂದು. ಅನ್ನದ ಚೀಲವಾದ ಜಠರ, ಅದರಾಚೆಯ ಸಣ್ಣ ಕರುಳು, ಕೊನೆಯ ದೊಡ್ಡ ಕರುಳು ಇವು ಮೂರೂ ಬೇರೆ ಬೇರೆ ಕೆಲಸ ಮಾಡುವ, ಬೇರೆ ಬೇರೆ ಹೊತ್ತು ತೆಗೆದುಕೊಳ್ಳುವ ಜಾಗಗಳಾದ್ದರಿಂದ ಕೆಳಗಿನ ಉತ್ತರಗಳಲ್ಲಿ ಅವುಗಳನ್ನು ಬೇರೆಯಾಗಿಯೇ ಹೆಸರಿಸಿದ್ದೇನೆ.

ಪ್ರಶ್ನೆ: ಮುಂಜಾನೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಹೊಲಕ್ಕೆ ಹೋದರೆ ಮಧ್ಯಾಹ್ನದವರೆಗೆ ಹಸಿವಿನ ನೆನಪೇ ಆಗುವುದಿಲ್ಲ. ಮದುವೆ ಮನೆಯಲ್ಲಿ ಅನ್ನ, ಸಾರು ಉಂಡ ದಿನ ಎರಡು ತಾಸಿಗೇ ಹೊಟ್ಟೆ ಖಾಲಿಯೆನಿಸುತ್ತದೆ. ರೊಟ್ಟಿ ಜೀರ್ಣವಾಗಲು ನಿಜವಾಗಿಯೂ ಹೆಚ್ಚು ಹೊತ್ತು ಹಿಡಿಯುತ್ತದೆಯೇ? ಹಾಗಿದ್ದರೆ ಎಂಬತ್ತು ದಾಟಿದ ನಮ್ಮ ಮುತ್ಯಾನಿಗೆ ರೊಟ್ಟಿ ಕೊಡುವುದು ತಪ್ಪೇ? (ಒಬ್ಬ ರೈತ, ಆಳಂದ ತಾಲ್ಲೂಕು)

ಉತ್ತರ: ನಿಮ್ಮ ಅನುಭವ ಸರಿಯಾಗಿದೆ, ಆದರೆ ‘ಜೀರ್ಣ’ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಾಳೆ ಉಣ್ಣುವಾಗ ಪಲ್ಯವಿಲ್ಲದೆ ಬರೀ ರೊಟ್ಟಿಯ ಒಂದು ಚೂರನ್ನು ಬಾಯಿಗಿಟ್ಟು, ನುಂಗದೆ ಒಂದೆರಡು ನಿಮಿಷ ಅಗಿಯಿರಿ. ಸಪ್ಪೆಯಾಗಿದ್ದ ರೊಟ್ಟಿ ಮೆಲ್ಲಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಜೋಳದ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಕತ್ತರಿಸತೊಡಗಿರುವುದೇ ಆ ಸಿಹಿಗೆ ಕಾರಣ. ದಿನಕ್ಕೆ ಸುಮಾರು 1 ರಿಂದ 1.5 ಲೀಟರಿನಷ್ಟು ಜೊಲ್ಲು ನಮ್ಮ ಬಾಯಿಯಲ್ಲಿ ಊರುತ್ತದೆ. ಅಂದರೆ ಪಚನದ ಮೊದಲ ಪಾಳಿ ಹಲ್ಲು ಮತ್ತು ನಾಲಗೆಯದು.

ನುಂಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವನ್ನು ಹತ್ತು ಸೆಕೆಂಡಿನೊಳಗೆ ದಾಟುತ್ತದೆ. ಅದು ಬಾವಿಗೆ ಬಿದ್ದ ಕಲ್ಲಿನಂತೆ ಬೀಳುವುದಿಲ್ಲ. ಹಿಂದಿನ ಸ್ನಾಯು ಬಿಗಿದು ಮುಂದಿನದು ಸಡಿಲಾಗುವ ಅಲೆಯೊಂದು ಅದನ್ನು ತಳ್ಳುತ್ತ ಹೋಗುತ್ತದೆ, ಆದ್ದರಿಂದಲೇ ತಲೆಕೆಳಗಾಗಿ ನಿಂತವನೂ ನುಂಗಬಲ್ಲ. ಮುಂದೆ ಸಿಗುವುದು ಜಠರ. ಇಲ್ಲಿಯೇ ನಿಮ್ಮ ಪ್ರಶ್ನೆಯ ಮುಖ್ಯ ಭಾಗವಿದೆ. ಜಠರದ ಕೆಳಗಿನ ಬಾಗಿಲು ಬಹಳ ಬಿಗಿಯಾದದ್ದು. ಘನ ಆಹಾರ ಅರೆದು ಅರೆದು ಒಂದೆರಡು ಮಿಲಿಮೀಟರಿಗಿಂತ ಸಣ್ಣ ಕಣಗಳಾಗುವವರೆಗೂ ಅದು ಸಾಮಾನ್ಯವಾಗಿ ಮುಂದಕ್ಕೆ ಬಿಡುವುದಿಲ್ಲ. ಮೆತ್ತಗೆ ಬೆಂದು ಸಾರಿನಲ್ಲಿ ಕಲಸಿದ ಬಿಳಿ ಅನ್ನ ಬೇಗ ಗಂಜಿಯಾಗಿ ಬಾಗಿಲು ದಾಟುತ್ತದೆ. ತವಡು ಸಮೇತ ಬೀಸಿದ ಹಿಟ್ಟಿನ ರೊಟ್ಟಿಯಲ್ಲಿ ನಾರು ಹೆಚ್ಚು, ಅರೆಯುವ ಕೆಲಸವೂ ಹೆಚ್ಚು. ಇದಕ್ಕಿಂತ ದೊಡ್ಡ ಕಾರಣ ರೊಟ್ಟಿಯ ಜೊತೆಗಿರುವುದರಲ್ಲಿದೆ: ಶೇಂಗಾ ಹಿಂಡಿ, ಅದರ ಮೇಲೆ ಹಾಕಿಕೊಳ್ಳುವ ಎಣ್ಣೆ, ಪಲ್ಯದಲ್ಲಿರುವ ಬೇಳೆ. ಕೊಬ್ಬು ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟಿದ ಕೂಡಲೇ ಅಲ್ಲಿಂದ ಹೊರಡುವ ಹಾರ್ಮೋನುಗಳು ಜಠರಕ್ಕೆ ‘ನಿಧಾನ’ ಎಂದು ಸೂಚನೆ ಕೊಡುತ್ತವೆ. ಸಾಮಾನ್ಯ ಊಟವೊಂದು ಜಠರದಿಂದ ಬಹುಮಟ್ಟಿಗೆ ಖಾಲಿಯಾಗಲು 3 ರಿಂದ 4 ತಾಸು ಬೇಕು. ಎಣ್ಣೆ, ತುಪ್ಪ ಹೆಚ್ಚಾದರೆ ಇನ್ನೂ ತಡವಾಗುತ್ತದೆ. ಅನ್ನ ಸಾರಿಗೆ ನಾಲ್ಕು ಚಮಚ ತುಪ್ಪ ಸುರಿದುಕೊಂಡು ಉಂಡರೆ ಅದೂ ತುಸು ಹೆಚ್ಚು ಹೊತ್ತು ತಡೆಯುತ್ತದೆ.

ಆದರೆ ಜಠರ ಖಾಲಿಯಾಯಿತೆಂದರೆ ಆಹಾರ ಜೀರ್ಣವಾಯಿತೆಂದಲ್ಲ. ಜಠರ ಅರೆದು, ಹುಳಿ ಬೆರೆಸಿ, ಅಳತೆ ಮಾಡಿ ಕಳಿಸುವ ಜಾಗ. ನಿಜವಾದ ಪಚನ ಆಗುವುದು ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ. ಅಲ್ಲಿ ಮೇದೋಜೀರಕ ಗ್ರಂಥಿಯ ರಸವು ಹುಳಿಯನ್ನು ತಣಿಸಿ, ಉಳಿದ ಪಿಷ್ಟ, ಪ್ರೋಟೀನು, ಕೊಬ್ಬು ಮೂರನ್ನೂ ಕತ್ತರಿಸುತ್ತದೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ನವಿರಿನಂತೆ ಎದ್ದು ನಿಂತಿರುವ ವಿಲ್ಲೈಗಳು, ಅವುಗಳ ಮೇಲಿನ ಇನ್ನೂ ಸೂಕ್ಷ್ಮವಾದ ಕೂದಲುಗಳು ಹೀರುವ ಮೇಲ್ಮೈಯನ್ನು ಸುಮಾರು 30 ಚದರ ಮೀಟರಿಗೆ ಹಿಗ್ಗಿಸುತ್ತವೆ. ಅದೇ ಗೋಡೆಯ ಕಿಣ್ವಗಳು ಮಾಲ್ಟೋಸನ್ನು ಕೊನೆಯ ಸಲ ತುಂಡರಿಸಿ ಗ್ಲೂಕೋಸ್ ಮಾಡಿದ ಮೇಲೆಯೇ ನಿಮ್ಮ ರೊಟ್ಟಿ ರಕ್ತ ಸೇರುತ್ತದೆ; ಆ ರಕ್ತವೂ ನೇರವಾಗಿ ಹೃದಯಕ್ಕೆ ಹೋಗದೆ ಮೊದಲು ಯಕೃತ್ತಿನಲ್ಲಿ ಲೆಕ್ಕ ಒಪ್ಪಿಸುತ್ತದೆ.

ಇನ್ನು ಮುತ್ಯಾನ ವಿಷಯ. ಬೇಯಿಸಿದ ಜೋಳದ ಪ್ರೋಟೀನಿಗೆ ಒಂದು ದೋಷವಿದೆ: ಕಾವಿಗೆ ಅದರ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಕಿಣ್ವಗಳಿಗೆ ಸುಲಭವಾಗಿ ಬಗ್ಗುವುದಿಲ್ಲ, ಜೊತೆಗೆ ಅದರಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲವೂ ಕಡಿಮೆ. ಆ ಕೊರತೆಯನ್ನು ತೊಗರಿಬೇಳೆ ತುಂಬಿಕೊಡುತ್ತದೆ. ಆದ್ದರಿಂದ ರೊಟ್ಟಿಯನ್ನು ತಪ್ಪಿಸುವುದು ಬೇಡ. ಹಲ್ಲಿಲ್ಲದಿರುವುದೇ ಅವರ ತೊಂದರೆಯಾಗಿದ್ದರೆ, ಹಲ್ಲು ಮಾಡಬೇಕಾದ ಕೆಲಸವನ್ನು ನೀವು ಕೈಯಲ್ಲಿ ಮಾಡಿ. ಬಿಸಿ ರೊಟ್ಟಿಯನ್ನು ಬೇಳೆಯಲ್ಲೋ ಹಾಲಿನಲ್ಲೋ ಚೆನ್ನಾಗಿ ನೆನೆಸಿ ಹಿಸುಕಿ ಕೊಡಿ. ನುಂಗುವಾಗ ಪದೇ ಪದೇ ಕೆಮ್ಮುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು, ಏಕೆಂದರೆ ನುಂಗುವ ಹೊತ್ತಿನಲ್ಲಿ ಶ್ವಾಸನಾಳದ ಬಾಯಿಯನ್ನು ಕಾಯುವ ಮುಚ್ಚಳದ ಚುರುಕು ವಯಸ್ಸಾದವರಲ್ಲಿ ತಗ್ಗಿರಬಹುದು.

ಪ್ರಶ್ನೆ: ಜಠರದಲ್ಲಿ ಮಾಂಸವನ್ನೇ ಕರಗಿಸುವ ಆಮ್ಲವಿದೆ ಎಂದು ಪಾಠದಲ್ಲಿ ಓದಿದೆವು. ಹಾಗಾದರೆ ಅದು ಜಠರವನ್ನೇ ಏಕೆ ಕರಗಿಸುವುದಿಲ್ಲ? ನನ್ನ ಕಾಕಾನಿಗೆ ಅಲ್ಸರ್ ಆಗಿದ್ದು ಮಿರ್ಚಿ ಭಜಿ ತಿಂದದ್ದಕ್ಕೆ ಎಂದು ಮನೆಯಲ್ಲಿ ಎಲ್ಲರೂ ಅನ್ನುತ್ತಾರೆ. ಅದು ನಿಜವೇ? (ಪಿಯುಸಿ ವಿದ್ಯಾರ್ಥಿನಿ, ಬೀದರ್)

ಉತ್ತರ: ನಿಮ್ಮ ಮೊದಲ ಪ್ರಶ್ನೆ ಒಳ್ಳೆಯ ಪ್ರಶ್ನೆ, ಏಕೆಂದರೆ ಜಠರರಸದ ಬಗ್ಗೆ ನಮಗೆ ತಿಳಿದಿರುವ ಬಹಳಷ್ಟು ಒಂದು ವಿಚಿತ್ರ ಗಾಯದಿಂದ ತಿಳಿದದ್ದು. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಅವನು ಬದುಕಿದ, ಆದರೆ ಜಠರದಿಂದ ಹೊರಚರ್ಮಕ್ಕೆ ತೆರೆದ ತೂತು ಮುಚ್ಚಲೇ ಇಲ್ಲ. ವಿಲಿಯಂ ಬೋಮಾಂಟ್ ಎಂಬ ಸೇನಾ ವೈದ್ಯನು ಆ ತೂತಿನೊಳಗೆ ರೇಷ್ಮೆ ದಾರಕ್ಕೆ ಕಟ್ಟಿದ ಆಹಾರದ ತುಂಡುಗಳನ್ನು ಇಳಿಬಿಟ್ಟು, ಆಗಾಗ ಎಳೆದು ನೋಡಿ, ಯಾವುದು ಎಷ್ಟು ಹೊತ್ತಿಗೆ ಕರಗಿತೆಂದು ಬರೆದಿಟ್ಟ. ಜಠರರಸವನ್ನು ಹೊರತೆಗೆದು ಬಾಟಲಿಯಲ್ಲಿ ಮೈಬಿಸಿಯಷ್ಟು ಕಾವಿನಲ್ಲಿಟ್ಟಾಗಲೂ ಮಾಂಸ ಕರಗಿತು. ಅಲ್ಲಿಗೆ, ಪಚನವೆಂಬುದು ಬರೀ ಅರೆಯುವುದಲ್ಲ, ಬೇಯಿಸುವುದೂ ಅಲ್ಲ, ಒಂದು ರಾಸಾಯನಿಕ ಕ್ರಿಯೆ ಎಂಬುದು ಕಣ್ಣಾರೆ ಕಂಡಂತಾಯಿತು. 1833ರಲ್ಲಿ ಅವನು ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ರೋಗಿ ಸಿಟ್ಟಾದಾಗ ಪಚನ ಕೆಡುತ್ತಿದ್ದುದನ್ನೂ ಅವನು ಗಮನಿಸಿದ್ದ. ದಾರ ಕಟ್ಟಿಸಿಕೊಂಡು ದಿನಗಟ್ಟಲೆ ಕೂತವನಿಗೆ ಸಿಟ್ಟು ಬರದೆ ಇನ್ನೇನು ಬಂದೀತು ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಆ ಆಮ್ಲವೆಂದರೆ ಹೈಡ್ರೋಕ್ಲೋರಿಕ್ ಆಮ್ಲ. ಜಠರ ತನ್ನನ್ನು ಮೂರು ಬಗೆಯಲ್ಲಿ ಕಾಪಾಡಿಕೊಳ್ಳುತ್ತದೆ. ಗೋಡೆಯ ಮೇಲೆ ದಪ್ಪನೆಯ ಲೋಳೆಯೊಂದು ಹರಡಿರುತ್ತದೆ, ಅದರೊಳಗೆ ಸೋಡಾದಂತಹ ಬೈಕಾರ್ಬೊನೇಟ್ ಸೇರಿರುವುದರಿಂದ ಗೋಡೆಯನ್ನು ಮುಟ್ಟುವ ಹೊತ್ತಿಗೆ ಆಮ್ಲದ ಮೊನೆ ಮುರಿದಿರುತ್ತದೆ. ಪ್ರೋಟೀನನ್ನು ಕತ್ತರಿಸುವ ಪೆಪ್ಸಿನ್ ಎಂಬ ಕಿಣ್ವವು ಜೀವಕೋಶದೊಳಗೆ ಇರುವಾಗ ಒರೆಯಲ್ಲಿಟ್ಟ ಕತ್ತಿಯಂತೆ ನಿಷ್ಕ್ರಿಯವಾಗಿದ್ದು, ಹೊರಬಂದು ಆಮ್ಲವನ್ನು ಸೇರಿದ ಮೇಲೆಯೇ ಹರಿತವಾಗುತ್ತದೆ. ಇಷ್ಟಾಗಿಯೂ ಸವೆಯುವ ಮೇಲ್ಪದರವನ್ನು ಜಠರ ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಹೊದ್ದುಕೊಳ್ಳುತ್ತದೆ.

ಈಗ ಕಾಕಾನ ಮಿರ್ಚಿ. ಖಾರ, ಚಿಂತೆ ಮತ್ತು ಆಮ್ಲವೇ ಅಲ್ಸರಿಗೆ ಕಾರಣವೆಂದು ವೈದ್ಯರೇ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಜಠರದ ಲೋಳೆಯಲ್ಲಿ ಮನೆಮಾಡಿಕೊಂಡಿರುವುದನ್ನು ತೋರಿಸಿದಾಗ ಹೆಚ್ಚಿನವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು, ಕೆಲವೇ ದಿನಗಳಲ್ಲಿ ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಅಲ್ಸರಿಗೆ ಇನ್ನೊಂದು ದೊಡ್ಡ ಕಾರಣ, ಮೊಣಕಾಲು ನೋವಿಗೆಂದು ಔಷಧದ ಅಂಗಡಿಯಿಂದ ತಾವಾಗಿಯೇ ತಂದು ನುಂಗುವ ನೋವಿನ ಗುಳಿಗೆಗಳು. ಅವು ಲೋಳೆಯ ಹೊದಿಕೆಯನ್ನು ತೆಳುವಾಗಿಸುತ್ತವೆ. ಇರುವ ಹುಣ್ಣಿಗೆ ಮಿರ್ಚಿ ಉರಿ ಹೆಚ್ಚಿಸಬಹುದು, ಆದರೆ ಹುಣ್ಣನ್ನು ಅದು ಮಾಡಿದ್ದಲ್ಲ. ಕಾಕಾನಿಗೆ ಬ್ಯಾಕ್ಟೀರಿಯಾದ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ, ಆಂಟಿಬಯಾಟಿಕ್ ಕೊಟ್ಟಿದ್ದರೆ ನಡುವೆ ಬಿಡದೆ ಪೂರ್ತಿ ಮುಗಿಸಲು ಹೇಳಿ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ ಒಳಗೆ ರಕ್ತ ಸೋರುತ್ತಿದೆಯೆಂದು ತಿಳಿದು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಪ್ರಶ್ನೆ: ಕಲ್ಲಿದೆ ಎಂದು ನಮ್ಮ ಅವ್ವನ ಪಿತ್ತಕೋಶವನ್ನು ತೆಗೆದು ಆರು ತಿಂಗಳಾಯಿತು. ಪಿತ್ತವೇ ಇಲ್ಲದ ಮೇಲೆ ಎಣ್ಣೆ, ತುಪ್ಪ ಹೇಗೆ ಅರಗುತ್ತದೆ? ಹಬ್ಬಕ್ಕೆ ಶೇಂಗಾ ಹೋಳಿಗೆಯನ್ನೂ ಮುಟ್ಟುತ್ತಿಲ್ಲ. (ಗೃಹಿಣಿ, ಹುಮನಾಬಾದ್)

ಉತ್ತರ: ತೆಗೆದಿರುವುದು ಪಿತ್ತವನ್ನು ತುಂಬಿಡುವ ಚೀಲವನ್ನು, ಪಿತ್ತವನ್ನಲ್ಲ. ಪಿತ್ತರಸವನ್ನು ತಯಾರಿಸುವುದು ಯಕೃತ್ತು; ದಿನಕ್ಕೆ ಅರ್ಧದಿಂದ ಒಂದು ಲೀಟರಿನವರೆಗೆ ಅದು ಒಸರುತ್ತಲೇ ಇರುತ್ತದೆ. ಮೂವತ್ತರಿಂದ ಐವತ್ತು ಮಿಲಿಲೀಟರ್ ಹಿಡಿಯುವ ಪಿತ್ತಕೋಶ ಅದನ್ನು ಗಟ್ಟಿಗೊಳಿಸಿ ಇಟ್ಟುಕೊಂಡು, ಕೊಬ್ಬಿನ ಊಟ ಬಂದಾಗ ಒಮ್ಮೆಲೇ ಹಿಂಡಿ ಕೊಡುತ್ತಿತ್ತು. ಈಗ ಅದು ಹನಿಹನಿಯಾಗಿ ನೇರವಾಗಿ ಕರುಳಿಗೆ ಇಳಿಯುತ್ತದೆ.

ಪಿತ್ತ ಮಾಡುವ ಕೆಲಸವನ್ನು ನೀವು ದಿನವೂ ಮಾಡುತ್ತೀರಿ. ಎಣ್ಣೆ ಮೆತ್ತಿದ ಬಾಣಲೆಗೆ ಬರೀ ನೀರು ಸುರಿದರೆ ಜಿಡ್ಡು ತೇಲುತ್ತದೆ, ಸಾಬೂನು ಹಾಕಿದರೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಯುತ್ತದೆ. ಪಿತ್ತದ ಲವಣಗಳು ಕರುಳಿನೊಳಗಿನ ಸಾಬೂನು. ಹೀಗೆ ಒಡೆದ ಹನಿಗಳನ್ನು ಮೇದೋಜೀರಕ ಗ್ರಂಥಿಯ ಲೈಪೇಸ್ ಎಂಬ ಕಿಣ್ವ ಕತ್ತರಿಸುತ್ತದೆ, ಆಮೇಲೆ ಹೆಚ್ಚಿನ ಕೊಬ್ಬು ರಕ್ತನಾಳವನ್ನು ಬಿಟ್ಟು ಹಾಲಿನಂತೆ ಬೆಳ್ಳಗೆ ಕಾಣುವ ದುಗ್ಧನಾಳಗಳ ದಾರಿ ಹಿಡಿಯುತ್ತದೆ. ಈ ಸಾಬೂನನ್ನು ದೇಹ ಹಾಗೆಯೇ ಬಿಸಾಡುವುದೂ ಇಲ್ಲ. ಸಣ್ಣ ಕರುಳಿನ ಕೊನೆಯಲ್ಲಿ ಶೇಕಡ 95ರಷ್ಟನ್ನು ಹೀರಿ ಯಕೃತ್ತಿಗೆ ಮರಳಿ ಕಳಿಸುತ್ತದೆ. ಅವ್ವನವರು ಹೋಳಿಗೆ ತಿನ್ನಲಿ. ಒಂದೇ ಹೊತ್ತಿಗೆ ನಾಲ್ಕು ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡರೆ ಭೇದಿಯಾದೀತು; ಒಂದು, ಒಂದೂವರೆ ಏನೂ ಮಾಡದು.

ಪ್ರಶ್ನೆ: ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಕಡುಬು, ಹಸಿಕಾಳಿನ ಪಲ್ಯವಾದ ಭಜ್ಜಿ ಉಂಡೆವು. ಅಲ್ಲಿ ಏನೂ ಆಗಲಿಲ್ಲ. ರಾತ್ರಿ ಮಾತ್ರ ಹೊಟ್ಟೆ ಉಬ್ಬಿ, ವಾಯು ಹೋಗಿ ಹೋಗಿ ಮನೆಯವರ ಮುಂದೆ ನಾಚಿಕೆಯಾಯಿತು. ಆಹಾರ ಒಳಗೆ ಕೊಳೆತು ಹೀಗಾಗುತ್ತದೆ ಎಂದು ಗೆಳೆಯರು ಹೇಳಿದರು. (ಶಿಕ್ಷಕರು, ಶಹಾಪುರ)

ಉತ್ತರ: ನಾಚಿಕೆ ಬೇಡ, ಆ ರಾತ್ರಿ ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ನೀವೊಬ್ಬರೇ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ರಾತ್ರಿ ಉಬ್ಬರವೇಕೆ ಎಂಬುದರಲ್ಲೇ ನಿಮ್ಮ ಉತ್ತರವಿದೆ.

ಭಜ್ಜಿಯಲ್ಲಿರುವ ತೊಗರಿ, ಕಡಲೆ, ಅವರೆ ಮತ್ತು ಕಡಲೆ ಹಿಟ್ಟಿನಲ್ಲಿ ಪಿಷ್ಟ, ಪ್ರೋಟೀನುಗಳ ಜೊತೆಗೆ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಹೆಸರಿಗೆ ಸಕ್ಕರೆಯಾದರೂ ಅವುಗಳ ಕೊಂಡಿಯನ್ನು ಬಿಡಿಸುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಅವು ಜಠರದಲ್ಲಿ ಮೂರ್ನಾಲ್ಕು ತಾಸು, ಸಣ್ಣ ಕರುಳಿನಲ್ಲಿ ಮತ್ತೆ ಅಷ್ಟೇ ಹೊತ್ತು ಕಳೆದು, ಇದ್ದಂತೆಯೇ ದೊಡ್ಡ ಕರುಳನ್ನು ತಲುಪುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ಗಂಟೆಗೆ ಉಂಡದ್ದು ಅಲ್ಲಿ ಮುಟ್ಟುವ ಹೊತ್ತಿಗೆ ಸಂಜೆ ಕಳೆದಿರುತ್ತದೆ. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಕಾದು ಕುಳಿತಿವೆ, ಅವುಗಳ ಬಳಿ ನಮ್ಮಲ್ಲಿಲ್ಲದ ಕಿಣ್ವಗಳಿವೆ. ನಮಗೆ ದಕ್ಕದ ಸಕ್ಕರೆಯನ್ನು ಅವು ಉಂಡು ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಅನಿಲಗಳನ್ನು ಬಿಡುತ್ತವೆ. ಇವು ಯಾವುದಕ್ಕೂ ವಾಸನೆಯಿಲ್ಲ. ನಿಮ್ಮನ್ನು ನಾಚಿಸಿದ್ದು ಅವುಗಳೊಂದಿಗೆ ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕದ ಅನಿಲಗಳು.

ಇದನ್ನು ಕೊಳೆಯುವುದು ಎನ್ನುವುದಕ್ಕಿಂತ ಹುದುಗುವುದು ಎನ್ನಬೇಕು. ಹಬ್ಬದ ಅಂಬಲಿ ಹುಳಿಯಾಗುವುದಕ್ಕೂ ಇದಕ್ಕೂ ದೂರದ ನೆಂಟಸ್ತಿಕೆಯಿದೆ. ಹುದುಗುವಾಗ ಅನಿಲದ ಜೊತೆಗೆ ಬ್ಯುಟಿರೇಟ್ ಮುಂತಾದ ಸಣ್ಣ ಆಮ್ಲಗಳೂ ಹುಟ್ಟುತ್ತವೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮ್ಮ ಶಕ್ತಿಯ ಬಹುಪಾಲನ್ನು ಪಡೆಯುವುದು ಅದರಿಂದಲೇ. ತೊಗರಿಯ ಕಣಜವೆನಿಸಿಕೊಂಡ, ತನ್ನ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿ ಸೀಮೆಯವರು ನಾವು; ಬೇಳೆಯನ್ನು ಬಿಟ್ಟು ಬದುಕಿ ಎಂದು ನಾನಂತೂ ಬರೆಯಲಾರೆ. ಒಣಗಿದ ಇಡಿಗಾಳನ್ನು ಇಡೀ ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಈ ಸಕ್ಕರೆಗಳಲ್ಲಿ ಒಂದು ಪಾಲು ನೀರಿನೊಂದಿಗೆ ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು, ಮೊಳೆಯುವ ಕಾಳು ಅವನ್ನು ತಾನೇ ಉಣ್ಣುತ್ತದೆ. ಪೂರ್ತಿ ಬಲಿಯದ ಹಸಿಕಾಳಿನಲ್ಲಿ ಅವು ಒಣಕಾಳಿಗಿಂತ ಕಡಿಮೆಯೇ ಇರುವುದರಿಂದ, ನಿಮ್ಮ ಉಬ್ಬರಕ್ಕೆ ಕಾಳಿಗಿಂತ ಹೆಚ್ಚಾಗಿ ಎಷ್ಟು ಸಲ ಬಡಿಸಿಕೊಂಡಿರಿ ಎಂಬುದೇ ಕಾರಣವಿರಬಹುದೆಂದು ನನ್ನ ಅನುಮಾನ. ಉಬ್ಬರದೊಂದಿಗೆ ತೂಕ ಇಳಿಯುವುದು, ಮಲದಲ್ಲಿ ರಕ್ತ ಕಾಣುವುದು ಇದ್ದರೆ ಮಾತ್ರ ತಪಾಸಣೆ ಬೇಕು.

ಪ್ರಶ್ನೆ: ನನ್ನ ನಾಲ್ಕು ವರ್ಷದ ಮಗ ಉಣ್ಣುತ್ತಿದ್ದಂತೆಯೇ ‘ಸಂಡಾಸಿಗೆ’ ಎಂದು ಏಳುತ್ತಾನೆ. ತಿಂದದ್ದು ಮೈಗೆ ಹತ್ತದೆ ಹಾಗೇ ಹೋಗುತ್ತಿದೆಯೇ? (ಸೇಡಂ)

ಉತ್ತರ: ಇಲ್ಲ. ಜಠರ ತುಂಬಿ ಹಿಗ್ಗಿದಾಗ ದೊಡ್ಡ ಕರುಳಿಗೆ ‘ಜಾಗ ಮಾಡು’ ಎಂಬ ನರಸೂಚನೆ ಹೋಗುತ್ತದೆ. ಈ ಪ್ರತಿವರ್ತನೆ ಮಕ್ಕಳಲ್ಲಿ ಜೋರಾಗಿರುತ್ತದೆ. ಈಗ ಹೊರಗೆ ಹೋಗುವುದು ನಿನ್ನೆಯ ಅಥವಾ ಮೊನ್ನೆಯ ಊಟ, ಏಕೆಂದರೆ ಬಾಯಿಂದ ಹೊರದಾರಿಯವರೆಗಿನ ಇಡೀ ಪಯಣಕ್ಕೆ ಸಾಮಾನ್ಯವಾಗಿ 24 ರಿಂದ 72 ತಾಸು ಬೇಕು. ತೂಕ, ಎತ್ತರ ಸರಿಯಾಗಿ ಏರುತ್ತಿದ್ದರೆ ನಿಶ್ಚಿಂತೆಯಿಂದಿರಿ.

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ಮಗಳಿಗೆ ವಾಂತಿ, ಭೇದಿಯಾದಾಗ ಆಶಾ ಕಾರ್ಯಕರ್ತೆಯವರು ಓಆರ್‌ಎಸ್ ಕೊಟ್ಟರು. ಕುಡಿದದ್ದೆಲ್ಲ ಹೊರಗೆ ಹೋಗುತ್ತಿರುವಾಗ ಮತ್ತೆ ನೀರೇ ಏಕೆ? ಅದಕ್ಕೆ ಉಪ್ಪು, ಸಕ್ಕರೆ ಎರಡೂ ಏಕೆ? (ಜೇವರ್ಗಿ)

ಉತ್ತರ: ನಾವು ದಿನಕ್ಕೆ ಕುಡಿಯುವ ನೀರು, ಉಣ್ಣುವ ಆಹಾರದಲ್ಲಿನ ನೀರು ಸೇರಿ ಎರಡು ಲೀಟರಿನ ಆಸುಪಾಸು. ಆದರೆ ಅದಕ್ಕೆ ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನ ರಸ ಎಲ್ಲ ಕೂಡಿ ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಕರುಳಿನಲ್ಲಿ ಹರಿಯುತ್ತದೆ. ಅದರಲ್ಲಿ ಬಹುಪಾಲನ್ನು ಸಣ್ಣ ಕರುಳು, ಉಳಿದದ್ದನ್ನು ದೊಡ್ಡ ಕರುಳು ಮರಳಿ ಹೀರಿ, ಮಲದೊಂದಿಗೆ ಹೊರಹೋಗುವುದು ನೂರರಿಂದ ಇನ್ನೂರು ಮಿಲಿಲೀಟರ್ ಮಾತ್ರ. ಭೇದಿಯೆಂದರೆ ಈ ಮರಳಿ ಹೀರುವ ಲೆಕ್ಕ ತಪ್ಪಿದ್ದು. ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ, ಬೆವರಿನಲ್ಲೂ ನೀರು ಕಳೆಯುವ ಮಗುವಿಗೆ ಇದು ಬೇಗ ಅಪಾಯ ತರುತ್ತದೆ.

ಬರೀ ನೀರು ಕುಡಿಸಿದರೆ ಕರುಳು ಸಾಕಷ್ಟು ಹೀರದು. ಆದರೆ ಕರುಳಿನ ಗೋಡೆಯಲ್ಲಿ ಒಂದು ವಿಶೇಷ ಬಾಗಿಲಿದೆ: ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ಅದು ಎರಡನ್ನೂ ಒಳಗೆ ಬಿಡುತ್ತದೆ, ಅವುಗಳ ಹಿಂದೆಯೇ ನೀರೂ ಒಳಬರುತ್ತದೆ. ಕಾಲರಾದಂತಹ ಬೇನೆಯಲ್ಲೂ ಈ ಬಾಗಿಲು ಕೆಡುವುದಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿ ಸಾಗಾಟವನ್ನು ವಿವರಿಸಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಅಪಾರ ಜೀವಗಳನ್ನು ಉಳಿಸಿದರು.

ಪೊಟ್ಟಣ ಸಿಕ್ಕರೆ ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ. ಮಗು ಒಲ್ಲೆನ್ನುತ್ತದೆಂದು ಸಕ್ಕರೆ ಹೆಚ್ಚಿಸಬೇಡಿ; ಸಕ್ಕರೆ ಅತಿಯಾದರೆ ಅದೇ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ, ಬಾಟಲಿಯ ತಂಪು ಪಾನೀಯಗಳು ಈ ಹೊತ್ತಿಗೆ ಸಲ್ಲದಿರುವುದೂ ಇದಕ್ಕಾಗಿಯೇ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಿಂದ ಕುಡಿಸಿ. ಕಣ್ಣು ಗುಳಿ ಬಿದ್ದು, ಮೂತ್ರ ನಿಂತು, ಮಗು ಮಂಕಾದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಿ, ದಾರಿಯಲ್ಲೂ ಕುಡಿಸುತ್ತಿರಿ.

ಪ್ರಶ್ನೆ: ಸೀತಾಫಲದ ಬೀಜ ನುಂಗಿದೆ. ಹೊಟ್ಟೆಯಲ್ಲಿ ಗಿಡ ಬೆಳೆಯುತ್ತದೆ ಎಂದು ಅಕ್ಕ ಹೆದರಿಸುತ್ತಿದ್ದಾಳೆ. (ಆರನೆಯ ತರಗತಿ, ಯಾದಗಿರಿ)

ಉತ್ತರ: ಆ ಬೀಜದ ಹೊರಕವಚವನ್ನು ಕರಗಿಸುವ ಕಿಣ್ವ ನಿನ್ನಲ್ಲಿಲ್ಲ, ಅದು ಇದ್ದ ಹಾಗೆಯೇ ಎರಡು ಮೂರು ದಿನಗಳಲ್ಲಿ ಹೊರಗೆ ಹೋಗುತ್ತದೆ, ಒಳಗೆ ಮೊಳೆಯಲು ಅದಕ್ಕೆ ಅಷ್ಟು ದಿನ ಯಾರೂ ಜಾಗ ಕೊಡುವುದಿಲ್ಲ. ಮುಂದಿನ ಸಲ ಬೀಜವನ್ನು ಮಾತ್ರ ಅಗಿಯಬೇಡ, ಅದರ ಒಳತಿರುಳು ವಿಷ. ಇದನ್ನು ಅಕ್ಕನಿಗೂ ಓದಿ ಹೇಳು.